ಯಾವ ಸದ್ದನ್ನು ಬಿಡುವುದು

ನಮ್ಮ ಊರಿನಲ್ಲಿ ಯಾರಾದರೂ ಹೊಸ ಮನೆಗೆ ಹೋಗುತ್ತೇವೆ ಅಂದರೆ, ನಲ್ಲಿ ಎಷ್ಟು ಹೊತ್ತು ಬರುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಆಮೇಲೆ ವಿಚಾರಿಸುತ್ತಾರೆ. ಮೊದಲು ಕೇಳುವುದು, "ಅಲ್ಲೇನಿಲ್ಲ?" ಎಂದು. ಪೇಟೆಯೊಳಗೆ ಎಲ್ಲ ಸದ್ದೂ ಇದೆ. ಪೇಟೆ ದಾಟಿ ಹೊರಗಿನ ಕಾಲನಿಗಳಿಗೆ ಹೋದರೆ ಒಂದೊಂದು ಕಡೆ ಒಂದೊಂದು ಸದ್ದು ಕೇಳುವುದಿಲ್ಲ. ಹಳೇ ಗಿರಣಿಯ ಹಿಂದಿನ ಕಾಲನಿಯಲ್ಲಿ ಮಳೆ ಎಷ್ಟು ಜೋರಾಗಿ ಸುರಿದರೂ ಕೇಳಿಸದು. ಅಲ್ಲಿಯ ಹೆಂಗಸರು ಒಣಹಾಕಿದ ಬಟ್ಟೆ ತೊಯ್ದದ್ದಕ್ಕೆ ಬೇಸರ ಪಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಹುಣಸೆತೋಪಿನಲ್ಲಿ ಗಂಟೆ ಕೇಳುವುದಿಲ್ಲ. ಸಾಲೆ ಬಿಡುವ ಹೊತ್ತಿಗೆ ಜವಾನ ಮಾಳಿಗೆ ಹತ್ತಿ ಕೆಂಪು ಬಟ್ಟೆ ಬೀಸುತ್ತಾನೆ. ಮಳೆ ಇಲ್ಲದ, ಗಂಟೆ ಇಲ್ಲದ ಕಡೆ ಮನೆ ಸಿಗುವುದೆಂದರೆ ಸುಲಭದ ಮಾತಲ್ಲ. ಅಲ್ಲಿ ಒಮ್ಮೆ ಹೊಕ್ಕವರು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಹೊರಬರುವುದಿಲ್ಲ. ಉಳಿದವರು ತಮ್ಮ ಕೈಗೆ ಎಟಕುವ ಕಾಲನಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ನಾನು ಊರಬಸ್ಸಿನ ಡ್ರೈವರ್. ಬೆಳಿಗ್ಗೆ ಐದು ಗಂಟೆಯ ಮೊದಲ ಬಸ್ಸು ನನ್ನದು. ಮದುವೆಯಾದ ಮೇಲೆ ನಾನೂ ಸಾವಂತ್ರಿಯೂ ಪೇಟೆಯಲ್ಲಿ ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದೆವು. ಹಿಡಿಕೆ ಇಲ್ಲದ ಕಟ್ಟಿಗೆಯ ಕಡಿದಾದ ನಿಚ್ಚಣಿಕೆ. ಇಬ್ಬರಿದ್ದಾಗ ಅದೇನೂ ತೊಂದರೆ ಅನ್ನಿಸಿರಲಿಲ್ಲ. ಮಗಳು ಮುಕ್ತಾ ಅಂಬೆಗಾಲು ಬಿಟ್ಟು ನಿಂತು ನಡೆಯತೊಡಗಿದ ತಿಂಗಳಲ್ಲೇ ನಾಲ್ಕು ಮೆಟ್ಟಿಲು ಉರುಳಿದಳು. ಹಣೆ ಊದಿಕೊಂಡದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಸಾವಂತ್ರಿ ಅವತ್ತು ಸಂಜೆ ಆ ಮೆಟ್ಟಿಲ ತಲೆಗೆ ಅಡ್ಡ ಕುಳಿತವಳು, ನಾನು ಊಟ ಮಾಡುವವರೆಗೂ ಏಳಲಿಲ್ಲ. ನೆಲಕ್ಕೆ ಹತ್ತಿದ ಮನೆಗೆ ಹೋಗೋಣ, ಈ ತಿಂಗಳೇ ಹೋಗೋಣ ಎಂದಳು. ಪೇಟೆಯಲ್ಲಿ ಅಂಥ ಮನೆಯ ಬಾಡಿಗೆ ನಮ್ಮ ಕೈಗೆ ಎಟಕುವಂತಿರಲಿಲ್ಲ.

ಡಿಪೋದವರ ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿ ಇತ್ತು. ಎರಡು ಕೋಣೆ, ಮುಂದೆ ಕಟ್ಟೆ, ಹಿಂದೆ ನೀರಿನ ತೊಟ್ಟಿ. ನಾನು ಅವಳಿಗೆ ಹೇಳುವ ಮೊದಲೇ ಹೆಸರು ಬರೆಸಿ ಬಂದಿದ್ದೆ. ಆ ಕ್ವಾರ್ಟರ್ಸಿನಲ್ಲಿ ಅಳು ಇಲ್ಲ. ಯಾರು ಅತ್ತರೂ ಕೇಳಿಸುವುದಿಲ್ಲ, ಕೂಸಾಗಲಿ, ಮುದುಕರಾಗಲಿ. ಪಾಳಿಯ ಕೆಲಸದವರು ಆ ಜಾಗಕ್ಕೆ ಮುಗಿಬೀಳುವುದು ಅದಕ್ಕೇ. ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ, ನನಗೂ ಅದೇ ಬೇಕಾಗಿತ್ತು. ಮುಕ್ತಾಳಿಗೆ ಹಲ್ಲು ಬರುವಾಗ ಆರು ತಿಂಗಳು ನಾನು ನೆಟ್ಟಗೆ ನಿದ್ದೆ ಕಂಡಿರಲಿಲ್ಲ. ಒಂದು ದಿನ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿದ್ದೆ, ಕಂಡಕ್ಟರ್ ದಸ್ತಗೀರ ಹೆಗಲು ಹಿಡಿದು ಅಲುಗಿಸಿದ್ದ. ಬಸ್ಸಿನ ತುಂಬ ಸಾಲೆಯ ಮಕ್ಕಳಿದ್ದರು. ಇದನ್ನು ಸಾವಂತ್ರಿಗೆ ಹೇಳಿದೆ. ಅವಳು ಬೇಡವೆಂದೇ ಅಂದಳು. ಕೂಸು ಕಣ್ಣೆದುರೇ ಇರುತ್ತದಲ್ಲ, ಎಷ್ಟೋ ಮಂದಿ ಅಲ್ಲಿ ಮಕ್ಕಳನ್ನು ಬೆಳೆಸಿಲ್ಲವೇ ಎಂದು ನಾನು ವಾದಿಸಿದೆ. ಕೊನೆಗೆ, ಒಂದು ತಿಂಗಳು ಇದ್ದು ನೋಡುತ್ತೇನೆ, ಆಮೇಲೆ ನಾನು ಏನು ಹೇಳುತ್ತೇನೋ ಅದೇ ಆಗಬೇಕು ಎಂದಳು. ನಾನು ತಲೆಯಾಡಿಸಿದೆ.

ಕ್ವಾರ್ಟರ್ಸಿನ ಜನ ಒಳ್ಳೆಯವರು. ಪಕ್ಕದ ಮನೆಯ ತಿಪ್ಪವ್ವ ಎಂಬ ಮುದುಕಿ ಮೊದಲ ದಿನವೇ ಬಂದು ಆ ಜಾಗದ ರೀತಿ ರಿವಾಜು ಹೇಳಿಕೊಟ್ಟಳು. ಒಲೆಯ ಎದುರಿಗೆ ಗೋಡೆಗೆ ಒಂದು ಕನ್ನಡಿ ತೂಗುಹಾಕಬೇಕು, ರೊಟ್ಟಿ ಬಡಿಯುವಾಗ ಬೆನ್ನ ಹಿಂದಿನ ಕೂಸು ಅದರಲ್ಲಿ ಕಾಣುತ್ತದೆ. ಮಲಗಿಸಿದಾಗ ಕೂಸಿನ ಕಾಲಿಗೂ ತನ್ನ ಕೈಗೂ ಒಂದು ದಾರ ಕಟ್ಟಿಕೊಳ್ಳಬೇಕು. ಬೇರೆಯವರ ಮನೆಯ ತೊಟ್ಟಿಲ ಮುಂದೆ ಹಾಯ್ದರೂ ಬಗ್ಗಿ ನೋಡಿ, ಕೆನ್ನೆ ಮುಟ್ಟಿ, ಒದ್ದೆ ಇದೆಯೇ ಎಂದು ತಿಳಿದುಕೊಂಡೇ ಮುಂದೆ ಹೋಗಬೇಕು. ಅಲ್ಲಿಯ ಹೆಂಗಸರು ಮಾತಾಡುತ್ತ ಮಾತಾಡುತ್ತ ನಡುವೆ ತಟ್ಟನೆ ಹೊರಳಿ ನೋಡುತ್ತಾರೆ, ಮತ್ತೆ ಮಾತು ಬಿಟ್ಟಲ್ಲಿಂದ ಹಿಡಿಯುತ್ತಾರೆ. ನಾವು ಹೋದ ವಾರದಲ್ಲೇ ನಮ್ಮ ಸಾಲಿನಲ್ಲಿ ಒಬ್ಬ ಫಿಟ್ಟರ್ ತೀರಿಕೊಂಡ. ಅವನ ಹೆಂಡತಿಯ ಹೆಗಲು ಅಲುಗುತ್ತಿದ್ದುದನ್ನು ನೋಡಿ ಜನ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತರು. ಯಾರದೂ ದನಿ ಇಲ್ಲ. ನಾನು ಡ್ಯೂಟಿ ಮುಗಿಸಿ ಬಂದು ಅದನ್ನೇ ನೋಡುತ್ತ ನಿಂತೆ. ಆ ರಾತ್ರಿಯೂ ನನಗೆ ಒಳ್ಳೆಯ ನಿದ್ದೆ ಬಂತು. ಸಾವಂತ್ರಿಯ ಕಣ್ಣ ಕೆಳಗೆ ಕಪ್ಪು ಇಳಿಯುತ್ತಿದ್ದುದು ನನಗೆ ಕಾಣಲಿಲ್ಲ.

ಹತ್ತೊಂಬತ್ತನೆಯ ದಿನ ಅದು ನಡೆಯಿತು. ಮಧ್ಯಾಹ್ನ ನಾನು ಡ್ಯೂಟಿಯಿಂದ ಬಂದು ಉಂಡು, ಮಲಗಿದ್ದ ಮುಕ್ತಾಳ ಪಕ್ಕದಲ್ಲೇ ಚಾಪೆಯ ಮೇಲೆ ಅಡ್ಡಾದೆ. ಸಾವಂತ್ರಿ ರೇಷನ್ ಅಂಗಡಿಗೆ ಹೋದಳು, ಕೂಸನ್ನು ನೋಡಿಕೊಳ್ಳಿ ಎಂದು ಹೇಳಿಯೇ ಹೋದಳು. ನಾನು ಹೂಂ ಅಂದದ್ದು ನೆನಪಿದೆ. ಅಂಗಡಿಯಲ್ಲಿ ಸಾಲು ಉದ್ದವಿತ್ತು. ಮುಕ್ತಾ ಎದ್ದಿದ್ದಾಳೆ, ಅಡಿಗೆಮನೆಯ ಮೂಲೆಯಲ್ಲಿ ಬೆಲ್ಲದ ಡಬ್ಬಿ ಹೇಗೋ ತೆಗೆದಿದ್ದಾಳೆ, ಒಂದು ತುಣುಕು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಕೆಂಪಿರುವೆ ಸಾಲುಗಟ್ಟಿ ಹತ್ತಿವೆ. ಸಾವಂತ್ರಿ ಬಂದು ಬಾಗಿಲು ತಳ್ಳಿದಾಗ ಕೂಸು ಗೋಡೆಗೆ ಒರಗಿ ಕುಳಿತಿತ್ತು. ಬಾಯಿ ಪೂರ್ತಿ ತೆರೆದಿತ್ತು, ಮುಖ ಕಪ್ಪಿಟ್ಟಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಒಂದು ಕೈ ನನ್ನ ಅಂಗಿಯ ತುದಿ ಹಿಡಿದಿತ್ತು. ಆ ಮನೆಯಲ್ಲಿ ನಿಮ್ಮ ಗೊರಕೆ ಬಿಟ್ಟು ಬೇರೆ ಸದ್ದಿರಲಿಲ್ಲ ಎಂದು ಸಾವಂತ್ರಿ ಆಮೇಲೆ ಒಂದೇ ಒಂದು ಸಲ ಹೇಳಿದಳು. ಮತ್ತೆ ಎಂದೂ ಅದನ್ನು ಎತ್ತಿ ಆಡಲಿಲ್ಲ.

ಅವಳು ನನ್ನನ್ನು ಎಬ್ಬಿಸಲೂ ಇಲ್ಲ. ಕೂಸನ್ನು ತೊಟ್ಟಿಯ ನೀರಿನಲ್ಲಿ ಇಳಿಸಿ ಇರುವೆ ತೊಳೆದು, ಸುಣ್ಣ ಅರಿಸಿನ ಹಚ್ಚಿ, ಎದೆಗೆ ಅವಚಿಕೊಂಡು ಕಟ್ಟೆಯ ಮೇಲೆ ಕುಳಿತಳು. ನಾನು ಎದ್ದು ಹೊರಗೆ ಬಂದಾಗ ತಿಪ್ಪವ್ವ ಪಕ್ಕದಲ್ಲಿದ್ದಳು. ಮಲಗಿದವರ ಕೈಯಲ್ಲಿ ಇಲ್ಲಿ ಯಾರೂ ಕೂಸು ಬಿಡುವುದಿಲ್ಲ, ನನಗೊಂದು ಮಾತು ಹೇಳಬಾರದಿತ್ತೇ ಎಂದು ಮುದುಕಿ ನೊಂದುಕೊಳ್ಳುತ್ತಿದ್ದಳು. ಸಾವಂತ್ರಿ ಅವಳನ್ನು ಕೇಳಿದಳು, "ನಿಮಗ ಇದು ರೂಢಿ ಆಗೇದೇನ್ರಿ ಅವ್ವಾರ?" ತಿಪ್ಪವ್ವ ಹೇಳಿದಳು, "ರೂಢಿ ಅಲ್ಲ ತಂಗಿ. ನಾಕು ಮಕ್ಕಳನ ಬೆಳಸೀನಿ. ಎಲ್ಲಾರೂ ದೊಡ್ಡವರಾಗಿ ತಮ್ಮ ತಮ್ಮ ಮನಿಗೆ ಹೋಗ್ಯಾರ. ಇವತ್ತಿಗೂ ನಾ ಒಂದ ತಾಸು ಬೆನ್ನ ತಿರುಗಿಸಿ ಕುಂತಿಲ್ಲ." ಆ ಮಾತು ಹೇಳುವಾಗಲೇ ಅವಳು ಎರಡು ಸಲ ಹಿಂದೆ ತಿರುಗಿ ನೋಡಿದ್ದಳು. ಸಾವಂತ್ರಿ ಅವಳ ಕೈ ಹಿಡಿದುಕೊಂಡು ಕುಳಿತಳು. ಆಮೇಲೆ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ, ಲೆಕ್ಕ ಮುಗಿದವರ ಹಾಗೆ ಹೇಳಿದಳು, "ತಿಂಗಳ ತುಂಬೂತನಕ ಇರೂದಿಲ್ಲರಿ. ನಾಳೆಯಿಂದ ನಾ ಮನಿ ನೋಡ್ತೀನಿ."

ನಾಳೆಯಿಂದ ಅಂದವಳು ನಾಳೆಯಿಂದಲೇ ಹೊರಟಳು. ಕೂಸನ್ನು ಸೊಂಟದ ಮೇಲೆ ಹೊತ್ತು ನನ್ನದೇ ಬಸ್ಸು ಹತ್ತಿ ಒಂದೊಂದು ದಿನ ಒಂದೊಂದು ಕಾಲನಿಯಲ್ಲಿ ಇಳಿಯುತ್ತಿದ್ದಳು. ಮನೆ ತೋರಿಸುವವರು ಗೋಡೆ, ಬಚ್ಚಲು, ಅಟ್ಟ ತೋರಿಸಿದರೆ ಅವಳು ಅದನ್ನು ಅರೆಮನಸ್ಸಿನಿಂದ ನೋಡಿ, ಕೂಸನ್ನು ನೆಲಕ್ಕೆ ಬಿಟ್ಟು ತಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಹೆಜ್ಜೆಯ ಸದ್ದಿಲ್ಲದ ಒಂದು ಕಡೆ ಹಾಗೆ ನಿಂತು ತಿರುಗುವಷ್ಟರಲ್ಲಿ ಮುಕ್ತಾ ಅಂಗಳ ದಾಟಿ ಗೇಟಿಗೆ ಹೋಗಿದ್ದಳು. ಕಾಲಿಗೆ ಗೆಜ್ಜೆ ಕಟ್ಟಿದರಾಯಿತು, ನಾವೆಲ್ಲ ಹಾಗೇ ಮಾಡುವುದು ಎಂದರು ಆ ಮನೆಯವರು. ಎಷ್ಟು ವರ್ಷ ಕಟ್ಟಲಿ ಎಂದು ಸಾವಂತ್ರಿ ಮರಳಿ ಬಸ್ ಹತ್ತಿದಳು. ಗಾಡಿಗಳ ಹಾರನ್ ಕೇಳಿಸದ ಕಾಲನಿ ದೊಡ್ಡ ರಸ್ತೆಗೆ ಹತ್ತಿಕೊಂಡಿತ್ತು. ಅಲ್ಲಿ ಇಳಿಯಲೇ ಇಲ್ಲ. ಹೆಸರು ಕೇಳಿಸದ ಕಾಲನಿಗೆ ನನ್ನ ವಾರದ ರಜೆಯ ದಿನ ಇಬ್ಬರೂ ಹೋದೆವು. ಚಂದದ ಮನೆ, ಅಂಗಳದಲ್ಲಿ ಪಾರಿಜಾತದ ಗಿಡ. ಸಾವಂತ್ರಿ ಕೂಸನ್ನು ಕರೆದಳು. ತುಟಿ ಅಲುಗಿತು, ಹೆಸರು ಬರಲಿಲ್ಲ. ಇನ್ನೊಮ್ಮೆ ಕರೆದಳು. ಮುಕ್ತಾ ತಿರುಗದೆ ಚರಂಡಿಯ ಕಡೆ ಹೋಗುತ್ತಲೇ ಇದ್ದಳು. ಅಲ್ಲಿಯವರು ಚಪ್ಪಾಳೆ ತಟ್ಟಿ ಕರೆಯುತ್ತಾರಂತೆ, ಮಕ್ಕಳಿಗೆ ತಮ್ಮ ತಮ್ಮ ತಾಯಂದಿರ ಚಪ್ಪಾಳೆ ಗೊತ್ತಾಗುತ್ತದಂತೆ. ನನಗೆ ಅದೂ ಒಪ್ಪಿಗೆ ಇತ್ತು. ಅವಳು ಗಿಡದ ಕೆಳಗೆ ಬಿದ್ದಿದ್ದ ನಾಲ್ಕು ಹೂ ಆರಿಸಿ ಕೂಸಿನ ಕೈಗೆ ಕೊಟ್ಟು, ನಡೀರಿ ಎಂದಳು.

ಎಂಟು ದಿನ ತಿರುಗಿದ ಮೇಲೆ ಒಂದು ಸಂಜೆ ಬಂದು, ಮನೆ ಸಿಕ್ಕಿತು, ಆಚೆದಂಡೆಯಲ್ಲಿ ಎಂದಾಗ ನಾನು ತಟ್ಟೆಯಲ್ಲೇ ಕೈ ನಿಲ್ಲಿಸಿದೆ. ಆಚೆದಂಡೆ ಎಂದರೆ ಕಾಲುವೆಯ ಆಚೆಗಿನ ಕಾಲನಿ. ಅಲ್ಲಿ ನಗು ಇಲ್ಲ. ಎಷ್ಟು ನಕ್ಕರೂ ಕೇಳಿಸುವುದಿಲ್ಲ. ಅರ್ಧಕ್ಕರ್ಧ ಮನೆಗಳು ಖಾಲಿ. ಊರಿನವರು ಅಲ್ಲಿಂದ ಹೆಣ್ಣು ತರುವುದಿಲ್ಲ, ಅಲ್ಲಿಗೆ ಹೆಣ್ಣು ಕೊಡುವುದಿಲ್ಲ. ಅಶುಭದ ಜಾಗ, ಮನಸ್ಸು ಮುರುಟಿಹೋಗುತ್ತದೆ ಎಂಬ ಮಾತು. ನಾನು ಅಷ್ಟು ವರ್ಷ ಬಸ್ ಓಡಿಸಿದರೂ ಕಾಲುವೆಯ ಸೇತುವೆಯ ಈಚೆಗೇ ತಿರುಗಿಸಿಕೊಂಡು ಬರುತ್ತಿದ್ದೆ. ಆಚೆ ಹೋಗುವ ಮಾರ್ಗವೇ ಇರಲಿಲ್ಲ. ಬೇರೆ ಯಾವುದಾದರೂ ನೋಡು ಎಂದೆ. ಅವಳು ನನ್ನ ತಟ್ಟೆಗೆ ಪಲ್ಯ ಹಾಕುತ್ತ ಹೇಳಿದಳು, "ನಕ್ಕೋತ ಕುಂತ ಕೂಸಿಗೆ ನನ್ನ ಗರಜ ಇರೂದಿಲ್ಲರಿ. ಅತ್ತರ ನಾ ಬೇಕು. ಅಳೂದು ಕೇಳಬೇಕು ನನಗ. ಕರದ್ರ ಅಕಿಗೆ ಕೇಳಬೇಕು. ಬಾಗಲಾ ದಾಟಿದ್ರ ಹೆಜ್ಜಿ ಕೇಳಬೇಕು. ಇವನ್ನೆಲ್ಲಾ ಇಟಗೊಂಡು ಬಿಡೂದು ಅಂದ್ರ ಇದೊಂದ ಉಳೀತು." ನಾನು ಏನೋ ಹೇಳಲು ಹೋದೆ. ತಾನು ಹೇಳಿದ್ದೇ ಆಗಬೇಕೆಂದು ಮಾತಾಗಿತ್ತಲ್ಲ ಎಂದಳು. ಹೌದು, ಮಾತಾಗಿತ್ತು.

ನನ್ನವ್ವ ಪೇಟೆಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಳು. ಸುದ್ದಿ ತಿಳಿದ ಮರುದಿನವೇ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು, ಚಹ ಕೂಡ ಮುಟ್ಟಲಿಲ್ಲ. ಅವ್ವ ನಗುವವಳು, ಅವಳ ನಗೆ ಕೇಳಿ ಓಣಿಯ ತುದಿಯಲ್ಲಿದ್ದವರೂ ಏನಾಯಿತೆಂದು ಕೇಳುತ್ತಿದ್ದರು. ಅವಳಿಗೆ ಈ ಮಾತು ಎದೆಗೆ ನಾಟಿತ್ತು. "ನಗಿ ಇಲ್ಲದ ಜಾಗಾದಾಗ ಹೆಣ್ಣಕೂಸು ಬೆಳಸ್ತಿಯೇನು? ನಾಳೆ ಅಕಿನ್ನ ಯಾರು ಮಾಡಕೊಂತಾರ?" ಎಂದು ಸಾವಂತ್ರಿಯನ್ನು ಕೇಳಿದಳು. ಸಾವಂತ್ರಿ ಅತ್ತೆಗೆ ಎದುರಾಡಿದವಳಲ್ಲ. ಅವತ್ತೂ ದನಿ ಏರಿಸಲಿಲ್ಲ. "ಅಕಿ ಈಗರೆ ನಡ್ಯಾಕ ಕಲ್ತಾಳ ಅತ್ತಿ. ಲಗ್ನಕ್ಕ ಇಪ್ಪತ್ತ ವರ್ಷ ಅದ. ಅಷ್ಟರತನಕ ಅಕಿ ಜ್ವಾಕಿ ಇರಬೇಕಲ್ಲ," ಎಂದಳು. ತಾನು ಆ ಮನೆಗೆ ಕಾಲಿಡುವುದಿಲ್ಲ ಎಂದು ಅವ್ವ ಎದ್ದಳು. ಸಾವಂತ್ರಿ ಅವಳನ್ನು ಬಸ್‌ಸ್ಟಾಪಿನವರೆಗೆ ಕಳಿಸಿ ಬಂದಳು. ಬಂದವಳು ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ದನಿ ಇರಲಿಲ್ಲ, ಅಲ್ಲಿ ಇರುವಂತೆಯೂ ಇರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತು ಒಂದೊಂದೇ ಪಾತ್ರೆ ಎತ್ತಿಕೊಟ್ಟೆ.

ಆಚೆದಂಡೆಯ ಮನೆಯ ಒಡತಿ ಇಂದುಮತಿಬಾಯಿ, ಸಾಲೆಯ ಕೆಲಸದಿಂದ ನಿವೃತ್ತಿಯಾದ ಟೀಚರು, ಪಕ್ಕದಲ್ಲೇ ಇರುತ್ತಿದ್ದರು. ಮೂರು ಕೋಣೆ, ಮುಂದೆ ದೊಡ್ಡ ಅಂಗಳ, ಸುತ್ತ ಎದೆಮಟ್ಟದ ಗೋಡೆ, ಎಲ್ಲಿಯೂ ಒಂದು ಮೆಟ್ಟಿಲೂ ಇಲ್ಲ. ಮೊದಲ ಬೆಳಿಗ್ಗೆಯೇ ಮುಕ್ತಾ ಹಲ್ಲಿಯೊಂದನ್ನು ಕಂಡು ನಕ್ಕಳು. ಹೊಟ್ಟೆ ಕುಣಿಯುತ್ತಿತ್ತು, ಎರಡೂ ಕೈ ಮೇಲೆದ್ದಿದ್ದವು, ಸದ್ದು ಮಾತ್ರ ಇಲ್ಲ. ಸಾವಂತ್ರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅದನ್ನು ನೋಡಿದಳು. ನೋಡಿ ಮತ್ತೆ ಹಿಟ್ಟಿನ ಕಡೆ ತಿರುಗಿದಳು. ಅವಳ ಕೈ ಮೊದಲಿಗಿಂತ ಜೋರಾಗಿ ಬಡಿಯುತ್ತಿದ್ದುದನ್ನು ಕಂಡೆ. ಬೇಜಾರಾಯಿತೇ ಎಂದು ಕೇಳಿದೆ. ಆಗುತ್ತದೆ, ಆಗದೆ ಇರುತ್ತದೆಯೇ, ಅದಕ್ಕೆಂದು ಹಿಂದೆ ಹೋಗುವುದಿಲ್ಲ ಎಂದಳು.

ಅವತ್ತು ಸಂಜೆ ಇಂದುಮತಿಬಾಯಿ ನಮ್ಮನ್ನು ಕರೆದುಕೊಂಡು ಹೊರಟರು. ಹೊತ್ತು ಇಳಿಯುವಾಗ ಆಚೆದಂಡೆಯವರೆಲ್ಲ ಸೇತುವೆ ದಾಟಿ ಈಚೆ ಬಂದು ಕಾಲುವೆಯ ಏರಿಯ ಮೇಲೆ ಕೂಡುತ್ತಾರೆ. ಮನೆಯಲ್ಲಿ ಚುರುಮುರಿ ಕಲಸಿ ತಂದವರಿರುತ್ತಾರೆ, ಥರ್ಮಾಸಿನಲ್ಲಿ ಚಹ ತಂದವರಿರುತ್ತಾರೆ. ಹಗಲೆಲ್ಲ ನಡೆದ ಚೇಷ್ಟೆಗಳನ್ನು ಅಲ್ಲಿ ಮತ್ತೆ ಹೇಳಿ ನಗುತ್ತಾರೆ. ಒಬ್ಬ ಟೇಲರ್ ಬೆಳಿಗ್ಗೆ ತಾನು ಅಂಗಿಗೆ ಮೂರು ತೋಳು ಹಚ್ಚಿದ ಕತೆಯನ್ನು ಸಂಜೆತನಕ ಹಿಡಿದಿಟ್ಟುಕೊಂಡು ಬಂದಿದ್ದ. ಸೇತುವೆಯ ಈಚೆಯ ಕಲ್ಲಿಗೆ ಕಾಲಿಟ್ಟ ಕೂಡಲೇ ಜನ ನಗುವುದಕ್ಕೆ ಶುರುಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಮುಕ್ತಾಳನ್ನು ಮೇಲಕ್ಕೆ ಎಸೆದು ಹಿಡಿದೆ. ಅವಳು ಕಿಲಕಿಲ ನಕ್ಕಳು. ಸಾವಂತ್ರಿ ಇನ್ನೊಮ್ಮೆ ಎಸೆಯಿರಿ ಎಂದಳು, ಮತ್ತೊಮ್ಮೆ ಎಂದಳು. ನನ್ನ ರಟ್ಟೆ ಸೋತು ಬರುವವರೆಗೂ ಬಿಡಲಿಲ್ಲ. ಮನೆಗೆ ಮರಳುವಾಗ ಸೇತುವೆಯ ನಡುವೆ ಎಲ್ಲರ ನಗೆ ಒಂದೇ ಸಲಕ್ಕೆ ನಿಂತುಹೋಯಿತು. ಜನ ಮಾತ್ರ ನಗುತ್ತಲೇ ನಡೆದರು.

ಬಸ್ಸಿನ ಮಾರ್ಗವನ್ನು ಸೇತುವೆಯ ಆಚೆಗೂ ಬೆಳೆಸಬೇಕೆಂದು ಸಾವಂತ್ರಿಯೇ ಮನೆಮನೆ ತಿರುಗಿ ಸಹಿ ಹಾಕಿಸಿದಳು. ಪೇಟೆಯ ಡಿಪೋದಿಂದ ಅರ್ಜಿ ಎರಡು ಸಲ ತಿರುಗಿ ಬಂತು. ಮೂರನೆಯ ಸಲ ಅವಳೇ ಕೂಸನ್ನು ಹೊತ್ತು ಹೋಗಿ ಸಾಹೇಬರ ಕೋಣೆಯ ಮುಂದೆ ಕುಳಿತಳು. ಮುಕ್ತಾ ಅಲ್ಲಿ ಗಂಟಲು ಹರಿಯುವಂತೆ ಅತ್ತಳಂತೆ, ಸಾವಂತ್ರಿ ಸುಮ್ಮನಿರಿಸಲು ಹೋಗಲಿಲ್ಲವಂತೆ. ಮುಂದಿನ ತಿಂಗಳು ನಾನು ಮೊದಲ ಬಸ್ಸನ್ನು ಕಾಲುವೆ ದಾಟಿಸಿದೆ. ವರ್ಷ ತುಂಬುವಷ್ಟರಲ್ಲಿ ಖಾಲಿ ಮನೆಗಳಲ್ಲಿ ಐದಕ್ಕೆ ಜನ ಬಂದರು; ಐದರಲ್ಲಿ ನಾಲ್ಕು ಮನೆಯವರು ಕಂಕುಳಲ್ಲಿ ಕೂಸು ಇದ್ದವರು. ಅವ್ವ ಇನ್ನೂ ಬಂದಿಲ್ಲ. ಸೇತುವೆಯ ಈಚೆಗೆ ಬರುತ್ತಾಳೆ, ವಾರಕ್ಕೊಮ್ಮೆ, ಕರದಂಟು ತೆಗೆದುಕೊಂಡು. ಅಲ್ಲಿಯೇ ಮೊಮ್ಮಗಳನ್ನು ಆಡಿಸಿ, ಏರಿಯ ಮೇಲಿನವರನ್ನೆಲ್ಲ ತನ್ನ ಮಾತಿಗೆ ನಗಿಸಿ, ಅಲ್ಲಿಂದಲೇ ಬಸ್ಸು ಹತ್ತಿ ಹೋಗುತ್ತಾಳೆ. ಸಾವಂತ್ರಿ ಬಾ ಎಂದು ಒತ್ತಾಯಿಸುವುದಿಲ್ಲ, ಪ್ರತಿ ಸಲ ಒಂದು ಮಾತು ಕರೆಯುತ್ತಾಳೆ ಅಷ್ಟೆ.

ಹೋದ ಗುರುವಾರ ಮಧ್ಯಾಹ್ನ ನಾನು ಡ್ಯೂಟಿ ಮುಗಿಸಿ ಉಂಡು ಮಲಗಿದ್ದೆ. ಸಾವಂತ್ರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮುಕ್ತಾ ಓಣಿಯಲ್ಲಿ ಬೇರೆ ಮಕ್ಕಳ ಜೊತೆ ಇದ್ದಳು. ಗಾಢ ನಿದ್ದೆಯಲ್ಲಿದ್ದೆ ಎಂದೇ ನನ್ನ ನೆನಪು. ಆಮೇಲಿನ ನೆನಪೆಂದರೆ ಬರಿಗಾಲಲ್ಲಿ, ಬನಿಯನ್ನಿನಲ್ಲಿ, ಓಣಿಯ ನಡುವೆ ಬಿಸಿಲಿನಲ್ಲಿ ನಿಂತಿದ್ದುದು. ಆರೇಳು ಮನೆಗಳ ಬಾಗಿಲು ತೆರೆದಿದ್ದವು, ಎಲ್ಲ ಬಾಗಿಲಲ್ಲಿಯೂ ಯಾರಾದರೂ ಒಬ್ಬರಿದ್ದರು. ಟೇಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದಿದ್ದ. ಇಂದುಮತಿಬಾಯಿ ಆಗಲೇ ಮುಕ್ತಾಳನ್ನು ಎತ್ತಿಕೊಂಡಿದ್ದರು. ಮುಕ್ತಾ ಓಣಿ ನಡುಗುವಂತೆ ಅಳುತ್ತಿದ್ದಳು. ಯಾರದೋ ಆಡು ಅವಳ ಕೈಯಲ್ಲಿದ್ದ ರೊಟ್ಟಿ ಕಸಿದುಕೊಂಡಿತ್ತು, ಅಷ್ಟೆ. ಮೈಯ ಮೇಲೆ ಒಂದು ಗೀರೂ ಇರಲಿಲ್ಲ. ಒಬ್ಬೊಬ್ಬರೇ ಒಳಗೆ ಹೋದರು. ನಾನು ಮಗಳನ್ನು ಇಸಿದುಕೊಂಡು ಅಲ್ಲೇ ಚರಂಡಿಯ ಕಲ್ಲಿನ ಮೇಲೆ ಕುಳಿತೆ. ಸಾವಂತ್ರಿ ಸಾಬೂನಿನ ಕೈಯಲ್ಲಿ ಬಾಗಿಲಿಗೆ ಬಂದು, ನನ್ನನ್ನೂ ನನ್ನ ಬರಿಗಾಲನ್ನೂ ನೋಡಿ, ಹೋಗಿ ಮಲಗಿರಿ, ನಾಳೆ ಐದು ಗಂಟೆಗೆ ಬಸ್ಸಿದೆ ಎಂದಳು. ಹೂಂ ಎಂದೆ, ಏಳಲಿಲ್ಲ. ಮಗಳು ಬಿಕ್ಕುತ್ತಿದ್ದಳು, ನನ್ನ ಕಿವಿಯ ಹತ್ತಿರವೇ. ಅದು ಪೂರ್ತಿ ನಿಲ್ಲುವವರೆಗೆ ಕೇಳುತ್ತ ಕುಳಿತಿದ್ದೆ.